ಕಪ್ಪು ನೆಲ

ಡಾಂಬರು ಮುಗಿದಲ್ಲಿ ಝಕರಿಯಾ ಗಾಡಿ ನಿಲ್ಲಿಸಿ ನಾಲ್ಕೂ ಟಯರುಗಳ ಗಾಳಿಯನ್ನು ಅರ್ಧಕ್ಕೆ ಇಳಿಸಿದ. ಬಿಗಿಯಾದ ಟಯರು ಮರಳನ್ನು ಅಗೆಯುತ್ತದೆ, ಸಡಿಲವಾದದ್ದು ಅದರ ಮೇಲೆ ನಡೆಯುತ್ತದೆ ಎಂದು ಗಾಡಿ ಎರವಲು ಕೊಟ್ಟ ಗೆಳೆಯ ಹೇಳಿದ್ದ. ಕೊಲ್ಲಿನಾಡಿನ ರಾಸ್ ತನೂರಾದ ತೈಲ ರಿಫೈನರಿಯಲ್ಲಿ ಇಷ್ಟು ವರ್ಷ ದುಡಿದರೂ ಝಕರಿಯಾ ಮರಳಿಗೆ ಗಾಡಿ ಇಳಿಸಿದವನಲ್ಲ.

“ಹೋಗ್ಬಹುದಾ ಅಂಕಲ್?” ಎಂದಳು ಹಿಂದಿನ ಸೀಟಿನಿಂದ ಶಹಾನಾ.

“ಫೋರ್ ವೀಲ್ ಅಲ್ವಾ ಮಗಳೇ.”

“ಗಾಡಿ ಮೇಲೆ ನಂಬಿಕೆ ಉಂಟು. ಕೇಳಿದ್ದು ನಿಮ್ಮ ಬಗ್ಗೆ.”

ಅವಳ ಪಕ್ಕದಲ್ಲಿದ್ದ ತಾಯಿ ಸುಬೈದಾ ಸದ್ದಿಲ್ಲದೆ ನಕ್ಕಳು. ಕನ್ನಡಿಯಲ್ಲಿ ಅವಳ ಕಣ್ಣು ಕಂಡೊಡನೆ ಝಕರಿಯಾ ದೃಷ್ಟಿಯನ್ನು ರಸ್ತೆಗೆ ತಿರುಗಿಸಿದ. ಮುಂದೆ ರಸ್ತೆಯೇ ಇರಲಿಲ್ಲ.

ಸುಬೈದಾಳ ಗಂಡ ಮೊಯಿದಿನಬ್ಬ ಅವನ ಗೆಳೆಯ. ಈ ದಿಬ್ಬಗಳಾಚೆಯ ಡ್ರಿಲ್ಲಿಂಗ್ ಕ್ಯಾಂಪಿನಲ್ಲಿ ಅಡುಗೆ ಮಾಡುತ್ತಿದ್ದ. ಎರಡು ಬೇಸಿಗೆಗಳ ಹಿಂದೆ ಒಂದು ಇಳಿಹೊತ್ತಿನ ಅಸರ್ ನಮಾಝಿನಲ್ಲಿ ಹಣೆ ನೆಲಕ್ಕಿಟ್ಟು ಸುಜೂದಿಗೆ ಬಾಗಿದವನು ಮತ್ತೆ ಏಳಲಿಲ್ಲ. ದಫನ ಇಲ್ಲಿಯೇ ಆಯಿತು. ಆ ಖಬರಸ್ಥಾನದೊಳಗೆ ಹೆಂಗಸರು ಹೋಗುವಂತಿಲ್ಲ; ಖಬರಿನ ಮೇಲೆ ಹೆಸರೂ ಇಲ್ಲ. ಈಗ ಸುಬೈದಾ ನರ್ಸ್ ಕೆಲಸ ಬಿಟ್ಟು ಮಗಳೊಂದಿಗೆ ಊರಿಗೆ ಹೊರಟಿದ್ದಳು, ತಿರುಗಿ ಬರುವಂತಿಲ್ಲದೆ. ಅದಕ್ಕೂ ಮೊದಲು ಗಂಡ ಕೊನೆಯ ಸುಜೂದ್ ಮಾಡಿದ ಜಾಗವನ್ನು ಒಮ್ಮೆ ನೋಡಬೇಕೆಂದಿದ್ದಳು. ಅಂದು ದೇಹ ತರಲು ಕ್ಯಾಂಪಿನ ಗಾಡಿಯಲ್ಲಿ ಹೋಗಿದ್ದ ಝಕರಿಯಾನಿಗೆ ಮಾತ್ರ ಆ ದಾರಿಯ ನೆನಪಿತ್ತು.

ಅವನ ಎದೆಯಲ್ಲೂ ಒಂದು ಮಾತಿತ್ತು. ಹೆಂಡತಿ ಆಯಿಶತ್ ತೀರಿಕೊಂಡ ಮೇಲೆ ಅವನು ಒಂಟಿಯಾಗಿಯೇ ಉಳಿದಿದ್ದ. ಸುಬೈದಾಳನ್ನು ನಿಕಾಹಿಗೆ ಕೇಳಬೇಕೆಂದು ಒಂದು ವರ್ಷದಿಂದ ದುಆ ಮಾಡುತ್ತಿದ್ದ, ಕೇಳಿರಲಿಲ್ಲ. ಇಂದು ಕೇಳದಿದ್ದರೆ ಮತ್ತೆ ಕೇಳುವುದಕ್ಕಿಲ್ಲ. ಆದರೆ ಗೆಳೆಯ ಉಸಿರು ಬಿಟ್ಟ ನೆಲಕ್ಕೆ ಹೋಗುತ್ತ ಬಾಯಿ ತೆರೆಯುವುದು ಹೇಗೆ?

ಮೊದಲ ದಿಬ್ಬದ ಅರ್ಧದಲ್ಲೇ ಗಾಡಿ ಏದುಸಿರು ಬಿಟ್ಟಿತು. ಬಂದ ಜಾಡಿನಲ್ಲೇ ನೇರ ಹಿಂದಕ್ಕಿಳಿದು, ದೂರದಿಂದ ಓಟ ಹಿಡಿದು, ಎರಡನೆಯ ಸಲ ದಾಟಿದ. ಮುಂದೆ ಇನ್ನೂ ಎತ್ತರದ ದಿಬ್ಬ. ಅದರ ಬುಡದಲ್ಲಿ ಚಪ್ಪಟೆ ನೆಲ, ಮೊನ್ನೆಯ ಮಳೆಗೆ ನೆನೆದು ಕಪ್ಪಾಗಿತ್ತು. ಉಚ್ಚಿಲದ ಕಡಲ ತಡಿಯಲ್ಲಿ ಬೆಳೆದವನಿಗೆ ಒದ್ದೆ ಮರಳಿನ ಮೇಲೆ ಭಯವಿಲ್ಲ. ಅಲ್ಲಿ ತೆರೆ ತೋಯಿಸಿದ ನೆಲದಲ್ಲಿ ಬೈಕನ್ನೂ ಓಡಿಸಬಹುದು. ಸ್ಟೇರಿಂಗ್ ಅತ್ತ ತಿರುಗಿಸಿದ.

ಮುಂದಿನ ಚಕ್ರಗಳೆರಡೂ ಹಿಟ್ಟಿನೊಳಗೆ ಕೈ ಇಳಿದಂತೆ ಇಳಿದುಬಿಟ್ಟವು.

“ಸಬ್ಖಾ,” ಎಂದಳು ಸುಬೈದಾ. “ಮೇಲೆ ಉಪ್ಪು, ಕೆಳಗೆ ಕೆಸರು. ಕಪ್ಪು ಕಂಡಲ್ಲಿ ಇಳೀಬಾರ್ದು ಅಂತ ಶಹಾನಾಳ ಅಪ್ಪ ಹೇಳ್ತಿದ್ರು.”

“ಮೊದಲೇ ಹೇಳ್ಬಹುದಿತ್ತಲ್ಲ?”

“ನೀವು ಕೇಳ್ಲಿಲ್ಲ. ನೀವು ಎಂತದನ್ನೂ ಕೇಳುವುದಿಲ್ಲ.”

ಝಕರಿಯಾ ಇಳಿದು ಮಂಡಿಯೂರಿ ಕೆಸರು ತೋಡತೊಡಗಿದ. ಶಹಾನಾ ಕಾಲ್ಚಾಪೆಗಳನ್ನು ತಂದು ಚಕ್ರದ ಹಿಂದೆ ತುರುಕಿದಳು. ಗಾಡಿ ಹಿಂದಕ್ಕೆ ಜಗ್ಗಿದಾಗ ಕೆಸರು ಚಾಪೆಗಳನ್ನೂ ನುಂಗಿತು.

ಸುಬೈದಾ ಸೀಟಿನಿಂದ ಒಂದು ಕಂಬಳಿ ತೆಗೆದಳು. ಕ್ಯಾಂಪಿನಿಂದ ಬಂದ ಮೊಯಿದಿನಬ್ಬನ ಕಂಬಳಿ.

“ಅದು ಬೇಡ,” ಎಂದ ಝಕರಿಯಾ.

“ಇವರಿದ್ದಿದ್ರೆ ಇವರೇ ಹಾಸ್ತಿದ್ರು.” ಅವಳು ಒಮ್ಮೆ ಅದನ್ನು ಮುಖಕ್ಕೊತ್ತಿ, ಮಡಚಿ, ತನ್ನ ಕೈಯಿಂದಲೇ ಚಕ್ರದಡಿಗೆ ತಳ್ಳಿದಳು. “ಹ್ಞಾ, ಈಗ ತೆಗೀರಿ.”

ಗಾಡಿ ನರಳಿ, ತಡೆದು, ಹಿಂದಕ್ಕೆ ಬಂತು. ಕಂಬಳಿ ಕೆಸರಿನಲ್ಲೇ ಉಳಿಯಿತು. ಅವಳು ತಿರುಗಿ ನೋಡಲಿಲ್ಲ.

ಕಪ್ಪು ನೆಲವನ್ನು ಸುತ್ತಿ ತಲುಪಿದರೆ, ಕ್ಯಾಂಪು ಎಂದೋ ಎದ್ದುಹೋಗಿತ್ತು. ನಮಾಝಿನ ಜಾಗಕ್ಕೆ ಗುರುತಾಗಿ ಇಟ್ಟ ಕಲ್ಲುಗಳ ಸಾಲು ಮಾತ್ರ ಅರ್ಧ ಹೂತು ನಿಂತಿತ್ತು. ಅಸರಿನ ಹೊತ್ತು. ಝಕರಿಯಾ ಮುಂದೆ ನಿಂತ, ತಾಯಿ ಮಗಳು ಹಿಂದೆ. ಸಲಾಂ ಹೇಳಿ ನಮಾಝ್ ಮುಗಿಸಿದ ಮೇಲೂ ಸುಬೈದಾ ಬಹಳ ಹೊತ್ತು ಕುಳಿತಿದ್ದಳು. ಆಮೇಲೆ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಮರಳು ಒರೆಸಿದಳು. ಝಕರಿಯಾ ಸಾಲಿನ ಇನ್ನೊಂದು ತುದಿಯಿಂದ ಒರೆಸುತ್ತ ಬಂದ. ಶಹಾನಾ ನೀರಿನ ನೆಪ ಹೇಳಿ ಗಾಡಿಯತ್ತ ನಡೆದಳು.

“ಸುಬೈದಾ, ಒಂದು ಕೇಳ್ಲಿಕ್ಕುಂಟು.”

“ಕೇಳಿ.”

“ಮೊಯಿದಿನ್ ಇರುವ ಮನಸ್ಸಲ್ಲಿ ಅವನ ಜಾಗ ನನಗೆ ಬೇಡ. ಪಕ್ಕದಲ್ಲಿ ಸ್ವಲ್ಪ ಇದ್ರೆ ಸಾಕು. ನಾನು ಊರಿಗೆ ಬಂದು ನಿಕಾಹಿಗೆ ಕೇಳ್ಬಹುದಾ?”

ಅವಳು ಕೈಯಲ್ಲಿದ್ದ ಕಲ್ಲನ್ನು ಸಾಲಿನಲ್ಲಿ ಕೂರಿಸಿದಳು. ಕಣ್ಣು ತುಂಬಿತ್ತು.

“ಊರಲ್ಲಿ ಅಣ್ಣ ಇದ್ದಾರೆ. ಅವರ ಹತ್ರ ಮಾತಾಡ್ಬೇಕು.”

“ಅವರು ಬೇಡ ಅಂದ್ರೆ?”

“ಅವರು ನನ್ನನ್ನು ಕೇಳ್ತಾರೆ. ನಾನು ಹೂಂ ಅಂತೇನೆ.” ಮುಂದಿನ ಕಲ್ಲಿಗೆ ಕೈ ಹಾಕುತ್ತ ಹೇಳಿದಳು, “ತಡ ಮಾಡ್ಬೇಡಿ ಮಾರಾಯ್ರೆ. ಒಂದು ವರ್ಷ ಆಯ್ತು, ನಾನು ಕಾಯುವುದು.”

ಹಿಂತಿರುಗುವಾಗ ಕಪ್ಪು ನೆಲ ಮತ್ತೆ ಎದುರಾಯಿತು. ಝಕರಿಯಾ ಗಾಡಿ ನಿಲ್ಲಿಸಿದ. ಈ ಸಲ ಕನ್ನಡಿಯಲ್ಲಿ ಅವಳ ಕಣ್ಣುಗಳನ್ನು ತಪ್ಪಿಸಲಿಲ್ಲ.

“ಯಾವ ಕಡೆಯಿಂದ?” ಎಂದು ಕೇಳಿದ.

“ದಿಬ್ಬದ ಮೇಲಿಂದ,” ಎಂದಳು ಸುಬೈದಾ.