ಕಾಲಮಂದಕವೂ ಕಾಶವ್ವನ ರೊಟ್ಟಿಯೂ

ಗಾಜಿನ ಪೆಟ್ಟಿಗೆಯೊಳಗೆ ಗುರುಬಸವ್ವ ಪದ್ಮಾಸನ ಹಾಕಿ ಕೂತಿದ್ದಳು. ಹಣೆಯ ತುಂಬ ವಿಭೂತಿ, ಮೈಮೇಲೆ ಇಳಕಲ್ ಸೀರೆ, ಕೊರಳಲ್ಲಿ ಮಲ್ಲಿಗೆ ಮಾಲೆ. ಮಾಲೆಯಿಂದ ಕಳಚಿದ ಒಂದು ಹೂವು ನಿನ್ನೆ ಮಧ್ಯಾಹ್ನದಿಂದ ಬೀಳುತ್ತಲೇ ಇತ್ತು. ಅದಿನ್ನೂ ಅವಳ ಮಡಿಲನ್ನು ಮುಟ್ಟಿರಲಿಲ್ಲ.

ಗುರುಬಸವ್ವ ತೀರಿಕೊಂಡು ಒಂದು ದಿನವಾಗಿತ್ತು. ಆದರೆ ಅದು ಹೊರಗಿನವರ ಲೆಕ್ಕ. ಪೆಟ್ಟಿಗೆಯ ಹೆಸರು ಕಾಲಮಂದಕ. ಹೊರಗೆ ಒಂದು ಹಗಲು ಒಂದು ರಾತ್ರಿ ಕಳೆದರೆ ಅದರೊಳಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ ಸರಿಯುತ್ತಿತ್ತು. ಮಂಜುಗಡ್ಡೆಯ ಪೆಟ್ಟಿಗೆ ದೇಹವನ್ನು ತಣ್ಣಗಿಡುತ್ತದೆ, ಅಷ್ಟೆ. ಇದು ಕಾಲವನ್ನೇ ಕೈಹಿಡಿದು ಕೂರಿಸುತ್ತದೆ. ಮಕ್ಕಳು ಮೊಮ್ಮಕ್ಕಳು ಬೇರೆ ಬೇರೆ ಗ್ರಹಗಳಲ್ಲಿ ಚದುರಿಹೋದ ಕಾಲ ಅದು. ಮಣ್ಣಿಗೆ ಬರುವವರು ಬಂದು ಮುಟ್ಟುವವರೆಗೆ ಸತ್ತವರು ಕಾಯಲಿ ಎಂದೇ ವಿಜ್ಞಾನಿಗಳು ಇದನ್ನು ಕಟ್ಟಿದ್ದರು.

ಇದನ್ನೆಲ್ಲ ಮಹಾನಂದಾ ಚಂದ್ರನ ಮೇಲೆ ಕೂತು ಪರದೆಯಲ್ಲಿ ನೋಡುತ್ತಿದ್ದಳು. ಅಲ್ಲಿನ ದಕ್ಷಿಣ ನೆಲೆಯಲ್ಲಿ ನೆಲದಡಿಯ ಹಿಮವನ್ನು ಕರಗಿಸಿ ಕುಡಿಯುವ ನೀರು ಮಾಡುವ ಘಟಕ ಅವಳ ಕೈಯಲ್ಲಿತ್ತು. ಹುಟ್ಟಿದ ವರ್ಷವೇ ತಾಯಿಯನ್ನು ಕಳೆದುಕೊಂಡ ಅವಳನ್ನು ಎತ್ತಿ ಆಡಿಸಿ, ಬೈದು ಬುದ್ಧಿ ಹೇಳಿ ಬೆಳೆಸಿದವಳು ಅಪ್ಪನ ತಾಯಿಯಾದ ಈ ಆಯಿಯೇ.

"ಸರ, ನಮ್ಮ ಆಯಿಗೆ ಒಳಗ ತ್ರಾಸ ಏನೂ ಆಗಂಗಿಲ್ಲಲ್ರಿ?" ಎಂದು ಅವಳು ಕೇಳಿದಳು. ಕೇಳಿದ ಮೇಲೆ, ಎಂಥ ಹುಚ್ಚು ಪ್ರಶ್ನೆ ಎಂದು ತನಗೇ ನಾಚಿಕೆಯಾಯಿತು.

ಪೆಟ್ಟಿಗೆಯ ಪಕ್ಕ ನಿಂತಿದ್ದ ಡಾಕ್ಟರ್ ಮಾಧವಮೂರ್ತಿ ನಗಲಿಲ್ಲ. ಮೈಸೂರಿನವರು; ಕಾಲಮಂದಕವನ್ನು ರೂಪಿಸಿದ ವಿಜ್ಞಾನಿಗಳಲ್ಲಿ ಒಬ್ಬರು. ಈ ಸೀಮೆಗೆ ಬಂದ ಮೊದಲ ಪೆಟ್ಟಿಗೆ ಇದಾದ್ದರಿಂದ ತಾವೇ ಜೊತೆಗೆ ಬಂದಿದ್ದರು. "ಇಲ್ಲಮ್ಮ. ಅವರ ಪಾಲಿಗೆ ಈಗಷ್ಟೇ ಮಾಲೆ ಹಾಕಿ ಕೂರಿಸಿದ ಹಾಗೆ. ನೀವು ಒಂದು ತಿಂಗಳು ಬಿಟ್ಟು ಬಂದರೂ ಅಷ್ಟೇ, ಒಂದು ವರ್ಷ ಬಿಟ್ಟು ಬಂದರೂ ಅಷ್ಟೇ. ಸಾವಕಾಶವಾಗಿ ಬನ್ನಿ."

ಮಹಾನಂದಾಳ ಎದೆ ಹಗುರವಾಯಿತು. ಆಯಿಯ ಗಂಡ ಮುತ್ಯಾ ಹೋದಾಗ ಈ ಪೆಟ್ಟಿಗೆ ಇರಲಿಲ್ಲ. ಮರುದಿನವೇ ಮಣ್ಣು ಮಾಡಿದ್ದರು. ಊರಿಗೆ ಊರೇ ಬಂದು ಸಮಾಧಿಗೆ ಒಂದೊಂದು ಹಿಡಿ ಮಣ್ಣು ಹಾಕುವುದನ್ನು ಅವಳು ಪರದೆಯಲ್ಲಿ ನೋಡಿದ್ದಳು, ಮದುವೆಯ ಊಟವನ್ನು ಕಿಟಕಿಯಾಚೆಯಿಂದ ನೋಡಿದ ಹಾಗೆ. ಆಗ ಆಯಿ ಒಂದೇ ಮಾತು ಹೇಳಿದ್ದಳು: "ಹೋಗ್ಲಿ ಬಿಡವಾ. ನನಗರ ನಿನ್ನ ಕೈಲೆ ಒಂದು ಹಿಡಿ ಮಣ್ಣು ಬೀಳ್ಲಿ." ಮಹಾನಂದಾ ಹೂಂ ಅಂದಿದ್ದಳು. ಆ ಹೂಂ ಅಂದದ್ದನ್ನು ನಡೆಸಿಕೊಡಬೇಕು. ಅವಳಿಗೆ ಬೇಕಾಗಿದ್ದುದು ಅಷ್ಟೇ.

ಆದರೆ ಚಂದ್ರನಿಂದ ಊರಿಗೆ ಬರುವುದೆಂದರೆ ಬಸ್ಸು ಹತ್ತಿ ಇಳಿದ ಹಾಗಲ್ಲ. ನೌಕೆಯ ಪಾಳಿ ಬರಬೇಕು. ಬಂದಿಳಿದ ಮೇಲೆ ಭಾರಶಾಲೆಯಲ್ಲಿ ಮಲಗಬೇಕು. ಚಂದ್ರನ ಮೇಲೆ ಮೈಭಾರ ಆರರಲ್ಲಿ ಒಂದು ಪಾಲು. ಅಲ್ಲಿ ವರ್ಷಗಟ್ಟಲೆ ಇದ್ದವರ ಎಲುಬು ಹೂವಿನಷ್ಟು ಹಗುರಾಗಿರುತ್ತವೆ. ಸೀದಾ ಎದ್ದು ನಡೆದರೆ ಮುರಿದೇ ಹೋದಾವು. ಅದಕ್ಕೆ ಮೈಮೇಲೆ ದಿನಕ್ಕಿಷ್ಟು ಭಾರ ಏರಿಸುತ್ತ, ಭೂಮಿಗೆ ಮೆಲ್ಲಗೆ ಒಗ್ಗಿಸಿ ಕಳಿಸುತ್ತಾರೆ. ಎಲ್ಲ ಸೇರಿ ಅರ್ಧ ತಿಂಗಳ ಮೇಲಾಗುತ್ತಿತ್ತು. ಇರಲಿ, ಪೆಟ್ಟಿಗೆ ಇದೆಯಲ್ಲ ಎಂದುಕೊಂಡು ಅವಳು ನಿಶ್ಚಿಂತೆಯಿಂದ ಹೊರಟಳು.

ಭಾರಶಾಲೆಯ ಮಂಚದ ಮೇಲೆ ಮರಳುಚೀಲಗಳನ್ನು ಹೊತ್ತು ಮಲಗಿದ್ದಾಗ ಊರಿನಿಂದ ಕರೆ ಬಂತು. ಈರಪ್ಪ ಕಾಕಾ, ಅವಳ ಅಪ್ಪನ ತಮ್ಮ.

"ಮಹಾನಂದಾ, ಹೆಂಗ ಹೇಳೂದೋ ಏನೋ. ನಾಳೆ ಮಣ್ಣು ಮಾಡೂಣಂತ ಹಿರ್ಯಾರೆಲ್ಲ ಅಂದಾರವಾ."

ಮಹಾನಂದಾ ಎದ್ದು ಕೂರಲು ಹೋದಳು. ಮರಳುಚೀಲ ಬಿಡಲಿಲ್ಲ. "ಕಾಕಾ! ಇನ್ನ ನಾಕೈದು ದಿನದಾಗ ಬರ್ತೀನಿ. ಪೆಟ್ಟಿಗಿ ಕೆಟ್ಟೇತೇನು?"

"ಪೆಟ್ಟಿಗಿ ಗಟ್ಟಿಮುಟ್ಟ ಐತೆವಾ. ಪೆಟ್ಟಿಗಿ ತಡೀತೈತಿ, ಓಣಿ ತಡಿಯಂಗಿಲ್ಲ."

ಆಗಿದ್ದು ಇಷ್ಟು. ಸಾವಾದ ಮನೆಯಲ್ಲಿ ಮಣ್ಣು ಆಗುವವರೆಗೆ ಒಲೆ ಹೊತ್ತಿಸುವಂತಿಲ್ಲ. ಆ ಮನೆಯವರಿಗೂ ಬಂದ ಬೀಗರು ನೆಂಟರಿಗೂ ಓಣಿಯವರೇ ರೊಟ್ಟಿ ಪಲ್ಯ ತಂದು ಉಣಬಡಿಸಬೇಕು. ಹಿಂದಿನವರು ಮಾಡಿದ ಈ ಪದ್ಧತಿ ಒಂದು ದಿನದ ಮಾತು, ಹೆಚ್ಚೆಂದರೆ ಎರಡು. ಈಗ ಸತ್ತಾಕೆ ಪೆಟ್ಟಿಗೆಯಲ್ಲಿ ಹಾಯಾಗಿ ಕೂತಿದ್ದಳು, ಮಣ್ಣು ಆಗಿರಲಿಲ್ಲ, ಒಲೆ ತಣ್ಣಗಿತ್ತು. ಮಣ್ಣಿಗೆಂದು ಬಂದ ಬೀಗರು ಮಣ್ಣಾಗದೆ ಹೋಗುವುದು ಹೇಗೆ? ಅವರೂ ಇದ್ದರು. ಹೊತ್ತು ಹೊತ್ತಿಗೆ ಮನೆ ತುಂಬ ಪಂಕ್ತಿ ಕೂರುತ್ತಿತ್ತು, ಓಣಿಯ ಹೆಂಗಸರ ರಟ್ಟೆ ಬಿದ್ದುಹೋಗುತ್ತಿದ್ದವು. ರೊಟ್ಟಿ ಬಡಿಯುವ ಯಂತ್ರ ಬಂದು ಎಷ್ಟೋ ಕಾಲವಾಗಿತ್ತು, ನಿಜ. ಆದರೆ ಸಾವಿನ ಮನೆಗೆ ಕೈರೊಟ್ಟಿಯೇ ಹೋಗಬೇಕೆಂಬುದು ಆ ಓಣಿಯ ಹಠ. ಭೂಕಂಪವಾದರೆ ಏನು, ವಿದ್ಯುತ್ತು ಹೋದರೆ ಏನು, ಸಿಡಿಲು ಬಡಿದರೆ ಏನು ಎಂದು ವಿಜ್ಞಾನಿಗಳು ಎಲ್ಲವನ್ನೂ ಯೋಚಿಸಿದ್ದರು. ರೊಟ್ಟಿಯ ಯೋಚನೆ ಮಾತ್ರ ಒಬ್ಬರಿಗೂ ಬಂದಿರಲಿಲ್ಲ.

"ಹೋಟೆಲಿನಿಂದ ತರಿಸಿದರಾಯಿತಲ್ಲ?" ಎಂದು ಪರದೆಯ ಆ ಬದಿಯಲ್ಲಿ ಮಾಧವಮೂರ್ತಿಯವರ ದನಿ ಕೇಳಿಸಿತು. ಪಾಪ, ಅವರೂ ಅದೇ ರೊಟ್ಟಿಯ ಋಣದಲ್ಲಿದ್ದವರು.

"ಸಾವಿನ ಮನೀಗೆ ಹೋಟೆಲ್ ಊಟಾನ್ರಿ ಸರ? ಈ ಓಣ್ಯಾಗ ಮನಿಶ್ಯಾರು ಇಲ್ಲೇನು ಅಂತಾರ ಮಂದಿ!" ಎಂದ ಕಾಕಾ.

"ಹಾಗಾದರೆ ನಿಮ್ಮ ಒಲೆಯನ್ನೇ ಹಚ್ಚಿ. ದೇಹಕ್ಕೇನೂ ಆಗುವುದಿಲ್ಲ, ನಾನು ಬರೆದುಕೊಡುತ್ತೇನೆ."

"ನಮ್ಮವ್ವನ್ನ ಪಡಸಾಲ್ಯಾಗ ಕುಂದ್ರಿಸಿಕೊಂಡು ಒಳಗ ಒಗ್ಗರಣಿ ಹಾಕೂದ್ರಿ? ನೀವು ಹೇಳೂದು ಛಲೋ ಆತು!"

ಮಹಾನಂದಾಳಿಗೆ ಅಳು ಒತ್ತರಿಸಿ ಬಂತು. ಲಕ್ಷಾಂತರ ಮೈಲಿ ದಾಟಿ ಬಂದದ್ದಾಯಿತು, ಊರು ಇನ್ನು ಒಂದು ಹಗಲಿನ ದಾರಿ ಎನ್ನುವಲ್ಲಿ ಸಿಕ್ಕಿಬಿದ್ದಿದ್ದಳು. ಓಣಿಯವರನ್ನು ಬೈಯುವಂತೆಯೂ ಇಲ್ಲ. ಎಷ್ಟು ದಿನ ಮಾಡಿಯಾರು ಅವರಾದರೂ?

ಅಷ್ಟರಲ್ಲಿ ಪರದೆಯ ಆಚೆ ಒಂದು ಒರಟು ದನಿ ಎದ್ದಿತು. "ಯಾಂವ ಅಂದಾಂವ ನಾಳೆ ಮಣ್ಣಂತ?"

ಕಾಶವ್ವ! ಮಹಾನಂದಾ ತನ್ನ ಕಿವಿಯನ್ನೇ ನಂಬಲಿಲ್ಲ. ಕಾಶವ್ವ ಪಕ್ಕದ ಮನೆಯವಳು. ಆಯಿಯ ಓರಗೆಯವಳು, ಆಯಿಯ ಹಗೆ. ಎರಡೂ ಮನೆಗೆ ಒಂದೇ ಮಾಳಿಗೆ. ಎಂದೋ ಒಂದು ಬೇಸಿಗೆಯಲ್ಲಿ ಕಾಶವ್ವ ಒಣಹಾಕಿದ ಮೆಣಸಿನಕಾಯಿಯ ಪುಡಿ ಗಾಳಿಗೆ ಹಾರಿ ಆಯಿಯ ಶ್ಯಾವಿಗೆಗೆ ಬಿದ್ದು, ಆ ವರ್ಷ ಹಬ್ಬದ ಪಾಯಸ ಉಂಡವರೆಲ್ಲ ಕಣ್ಣು ಮೂಗು ಒರೆಸಿಕೊಂಡಿದ್ದರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಮಾತಿಲ್ಲವೆಂದರೆ ನೇರ ಮಾತಿಲ್ಲ, ಅಷ್ಟೇ. ಬೈಯುವುದಿದ್ದರೆ ಇಬ್ಬರೂ ತಂತಮ್ಮ ಆಡುಗಳಿಗೆ ಹೇಳಿದಂತೆ ಮಾಡಿ ಗಟ್ಟಿಯಾಗಿ ಬೈಯುತ್ತಿದ್ದರು.

"ಆ ಕೂಸು ಚಂದ್ರಾಮನಿಂದ ಬರಾಕತ್ತೈತಿ. ನಿಮಗ ನಾಕು ರೊಟ್ಟಿ ಬಡಿಯಾಕ ಕೈಸೋತ್ವೇನು?" ಕಾಶವ್ವ ಕೂಗಾಡುತ್ತಿದ್ದಳು. "ಯಾರೂ ಬರಬ್ಯಾಡ್ರಿ. ನಾ ಒಬ್ಬಾಕಿ ಬಡೀತೀನಿ. ಆ ಹುಡುಗಿ ಬರೂತನಾ ಈ ಮನೀ ಮಂದಿ ನನ್ನ ರೊಟ್ಟಿ ತಿಂತಾರ."

ಹೇಳಿದಂತೆಯೇ ಮಾಡಿದಳು ಮುದುಕಿ. ಮರುದಿನ ನಸುಕಿನಲ್ಲೇ ಅವಳ ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಓಣಿಯ ತುಂಬ ಕೇಳಿಸಿತಂತೆ. ಹಣ್ಣು ಹಣ್ಣು ಮುದುಕಿ ಒಬ್ಬಳೇ ಒಲೆಯ ಮುಂದೆ ಕೂತಿರುವಾಗ ಉಳಿದವರು ಮಲಗಿರುವುದು ಹೇಗೆ? ಹೊತ್ತೇರುವಷ್ಟರಲ್ಲಿ ಅವಳ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾಕಾ ಇದನ್ನು ಹೇಳುವಾಗ ಮಹಾನಂದಾ ಅತ್ತಳು, ನಕ್ಕಳು, ಮೈಮೇಲೆ ಇನ್ನೊಂದು ಮರಳುಚೀಲ ಹೇರಿರೆಂದು ದಾದಿಯರನ್ನು ಗೋಗರೆದಳು.

ಅಂತೂ ಒಂದು ಮುಂಜಾನೆ ಎರಡು ಊರುಗೋಲು ಊರಿಕೊಂಡು ಅವಳು ಮನೆಯ ಹೊಸ್ತಿಲಿಗೆ ಬಂದಳು. ಬಂದು ಹಾಗೇ ನಿಂತುಬಿಟ್ಟಳು.

ಒಳಗೆ ನಗೆ. ಪಡಸಾಲೆಯ ತುಂಬ ಮಂದಿ ಉಣ್ಣುತ್ತ ಕೂತಿದ್ದರು. ಯಾರೋ ಆಯಿ ಆಡನ್ನು ಬೈಯುತ್ತಿದ್ದ ರೀತಿಯನ್ನು ಅಣಕಿಸುತ್ತಿದ್ದರು. ಕಾಶವ್ವನೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ದಾರಿಯುದ್ದಕ್ಕೂ ಮಹಾನಂದಾ ಅಳುವನ್ನು ಗಂಟುಕಟ್ಟಿ ತಂದಿದ್ದಳು, ಮನೆ ಮುಟ್ಟಿ ಎಲ್ಲರ ಜೊತೆ ಬಿಚ್ಚಬೇಕೆಂದು. ಇಲ್ಲಿ ಅಳುವವರೇ ಇರಲಿಲ್ಲ. ಪೆಟ್ಟಿಗೆ ತಡೆದದ್ದು ಆಯಿಯ ಕಾಲವನ್ನು ಮಾತ್ರ. ಇವರ ದುಃಖದ ಕಾಲ ತನ್ನ ಪಾಡಿಗೆ ತಾನು ನಡೆದು ಮುಂದೆ ಹೋಗಿತ್ತು.

"ಯವ್ವಾ, ಬಂದ್ಳು ನೋಡ್ರಿ!" ಎಂದು ಕಾಶವ್ವ ಎದ್ದು ಬಂದು ಅವಳನ್ನು ತೋಳಲ್ಲಿ ಹಿಡಿದಳು. ಹಿಡಿದು, ಮುಖ ನೋಡಿ, ಎಲ್ಲ ತಿಳಿದವಳಂತೆ ತಗ್ಗಿದ ದನಿಯಲ್ಲಿ ಹೇಳಿದಳು: "ನಾವು ಮರತೀವಂತ ತಿಳೀಬ್ಯಾಡ ತಂಗಿ. ಎಲ್ಲಾರೂ ಅತ್ತ ಅತ್ತ ದಣದಾರ. ದಣದು ಆಕಿ ಸುದ್ದಿ ಮಾತಾಡಾಕತ್ವಿ. ಮಾತಾಡಿದ್ರ ಆಕಿ ನಗಸ್ತಾಳ, ನಾವೇನು ಮಾಡೂದು ಹೇಳು."

ಆ ಮಧ್ಯಾಹ್ನ ಕಾಲಮಂದಕವನ್ನು ತೆರೆದು ಗುರುಬಸವ್ವನನ್ನು ವಿಮಾನದಲ್ಲಿ, ಎಂದರೆ ಹೂ ಕಟ್ಟಿದ ಚಟ್ಟದಲ್ಲಿ, ಇಟ್ಟು ಭಜನೆ ಮಾಡುತ್ತ ಹೊತ್ತೊಯ್ದು ಸಮಾಧಿಯಲ್ಲಿ ಕೂರಿಸಿದರು. ಮಹಾನಂದಾ ಊರುಗೋಲುಗಳನ್ನು ಕೆಳಗಿಟ್ಟಳು. ಒಂದು ಕಡೆ ಕಾಕಾ, ಒಂದು ಕಡೆ ಕಾಶವ್ವ ಹಿಡಿದುಕೊಂಡರು. ಅವಳು ಬಗ್ಗಿ, ಕರಿ ಮಣ್ಣನ್ನು ಮುಷ್ಟಿ ತುಂಬ ಹಿಡಿದು, ಆಯಿಯ ಮಡಿಲಿಗೆ ಮೆಲ್ಲಗೆ ಬಿಟ್ಟಳು. ಬಿಡುತ್ತಲೇ "ಆಯೀ" ಎಂದು ಚೀರಿ ಅಳತೊಡಗಿದಳು. ಆ ದನಿಗೆ ಕಾಶವ್ವ "ಬಿಟ್ಟು ಹೋದೇನ ನನ್ನ ಗೆಳತೀ" ಎಂದು ಹಾಡಿಕೊಂಡು ಅತ್ತಳು. ಬತ್ತಿಹೋಯಿತೆಂದುಕೊಂಡಿದ್ದ ಕಣ್ಣೀರು ಊರಿಗೆಲ್ಲ ಇನ್ನೊಮ್ಮೆ ಉಕ್ಕಿತು. ಅತ್ತು ಹಗುರಾಗಿ ಎಲ್ಲರೂ ಮನೆಗೆ ಬಂದರು. ಈರಪ್ಪನ ಹೆಂಡತಿ ಒಲೆ ಹೊತ್ತಿಸಿದಳು. ಮಹಾನಂದಾಳ ಮನಸ್ಸು ಎಷ್ಟೋ ವರ್ಷಗಳ ಮೇಲೆ ತುಂಬಿ ನಿಂತಿತ್ತು.

ಸಂಜೆ ಮಾಧವಮೂರ್ತಿ ಪೆಟ್ಟಿಗೆಯನ್ನು ಬಿಚ್ಚಿ ಜೋಡಿಸಿಕೊಳ್ಳುತ್ತಿದ್ದಾಗ ಕಾಶವ್ವ ಬಂದು ಕಟ್ಟೆಯ ಮೇಲೆ ಕೂತಳು.

"ಸರ, ಮಂಗಳ ಗ್ರಹದಿಂದ ಇಲ್ಲಿಗೆ ಬರಾಕ ಎಷ್ಟು ದಿನ ಬೇಕ್ರಿ?"

"ಒಂಬತ್ತು ತಿಂಗಳು ಹಿಡಿಯುತ್ತೆ ಅಜ್ಜಿ. ಯಾಕೆ?"

"ನನ್ನ ಮೊಮ್ಮಗ ಶಿವಪುತ್ರ ಅಲ್ಲಿ ಅದಾನ್ರಿ. ಈ ಹುಡುಗಿ ಬಂದು ಮುಟ್ಟಿದ್ರ ನಾಳೆ ನನ್ನ ಮಣ್ಣಿಗೆ ನಮ್ಮಾಂವನೂ ಬಂದು ಮುಟ್ಟತಾನಂತ ಲೆಕ್ಕ ಹಾಕಿದ್ದೆ. ಅದಕ್ಕ ರೊಟ್ಟಿ ಬಡದೆ. ಬರೇ ಗುರುಬಸವ್ವನ ಮ್ಯಾಲಿನ ಪ್ರೀತಿಗೆ ಅಂತ ತಿಳೀಬ್ಯಾಡ್ರಿ ಮತ್ತ!"

ಮಾಧವಮೂರ್ತಿಯವರ ಮುಖ ಅರಳಿತು. "ಒಂಬತ್ತು ತಿಂಗಳಲ್ಲ, ಒಂಬತ್ತು ವರ್ಷ ಬೇಕಾದರೂ ನಮ್ಮ ಪೆಟ್ಟಿಗೆ ತಡೆಯುತ್ತೆ. ನಿಮ್ಮ ಹೆಸರು ಬರೆದುಕೊಳ್ಳಲೇ?"

"ಥೂ, ಬ್ಯಾಡ್ರಿ! ಇಷ್ಟು ದಿನಕ್ಕ ಓಣಿ ಕೈಯೆತ್ತಿತ್ತು. ನನಗ ಒಂಬತ್ತು ತಿಂಗಳು ರೊಟ್ಟಿ ಬಡಿಯಾಕ ಯಾರದಾರ? ಇದ್ದ ಗೆಳತಿನೂ ಹೋದ್ಳು." ಕಾಶವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಸತ್ತ ಮ್ಯಾಲೆ ಬರಾಕ ಒಂಬತ್ತು ತಿಂಗಳು ಆದ್ರ, ಇದ್ದಾಗ ಬರಾಕೂ ಅಷ್ಟ ಅಲ್ರಿ? ಈಗ ಬಾ ಅಂತೀನಿ. ಅಂವ ಬರೂತನಾ ನನಗ ಸಾಯಾಕ ಪುರಸೊತ್ತಿಲ್ಲ. ತಂಗಿ ಮಹಾನಂದಾ, ಹಚ್ಚು ಅವಗ."

ಮಹಾನಂದಾ ಮಂಗಳಕ್ಕೆ ಕರೆ ಹಚ್ಚಿದಳು. ಕಾಶವ್ವ ಪರದೆಯ ಹತ್ತಿರ ಮುಖ ತಂದು, "ಏ ಶಿವಪುತ್ರಾ, ಮುಂದಿನ ನೌಕ್ಯಾಗ ಕುಂತು ಹೊಂಡು" ಎಂದು ಓಣಿಯ ಆ ತುದಿಗೆ ಕೇಳುವಂತೆ ಕೂಗಿದಳು.

ಆ ಮಾತು ಮಂಗಳ ಮುಟ್ಟಿ ಉತ್ತರ ಬರಲು ಸಾಕಷ್ಟು ಹೊತ್ತು ಹಿಡಿಯುತ್ತದೆ. ಅಷ್ಟರೊಳಗೆ ಒಂದು ಸಂಗತಿ ಹೇಳಿಬಿಡಬಹುದು. ಈ ಸುದ್ದಿ ಒಂದು ಬಾಯಿಂದ ಇನ್ನೊಂದು ಬಾಯಿಗೆ ಹೋಗಿ, ಊರೂರಿನ ಮುದುಕ ಮುದುಕಿಯರೆಲ್ಲ ಇದೇ ಲೆಕ್ಕ ಹಾಕತೊಡಗಿದರು. ಮುಂದಿನ ವರ್ಷ ಕಾಲಮಂದಕಗಳು ಗೋದಾಮಿನಲ್ಲಿ ಧೂಳು ತಿಂದವು. ಭೂಮಿಗೆ ಬರುವ ನೌಕೆಗಳಲ್ಲಿ ಮಾತ್ರ ಒಂದು ಸೀಟೂ ಖಾಲಿ ಇರಲಿಲ್ಲ. ಮಾಧವಮೂರ್ತಿಯವರಿಗೆ ಇದರಿಂದ ಬೇಸರವೇನೂ ಆಗಲಿಲ್ಲವಂತೆ.

ಪರದೆ ಬೆಳಗಿತು. ಶಿವಪುತ್ರನ ಗಾಬರಿಯ ಮುಖ ಕಾಣಿಸಿತು. "ಯಾಕ ಆಯಿ, ಏನಾತು? ಆರಾಮ ಇಲ್ಲೇನು?"

"ಏನೂ ಆಗಿಲ್ಲೋ ಹುಚ್ಚಾ" ಎಂದಳು ಕಾಶವ್ವ. "ಏನೂ ಆಗಿಲ್ಲ, ಅದಕ್ಕ ಬಾ ಅನ್ನಾಕತ್ತೀನಿ."