ಕೂದಲಲ್ಲಿ ಉಳಿದ ಹಸಿವು

ಗಾಜಿನ ತಟ್ಟೆಯ ಮೇಲೆ ಒಂದೇ ಒಂದು ಕೂದಲೆಳೆ ಮಲಗಿತ್ತು. ಡಾ. ನಿಖತ್ ಮುಲ್ಲಾ ಗುಂಡಿ ಒತ್ತಿದೊಡನೆ ತಟ್ಟೆ ಯಂತ್ರದೊಳಕ್ಕೆ ಬಹಳ ನಿಧಾನವಾಗಿ ಸರಿಯತೊಡಗಿತು. ಒಳಗೆ ಸೂಜಿಗಿಂತ ಸಣ್ಣದಾದ ಬೆಳಕಿನ ಕಿರಣವೊಂದು ಕೂದಲನ್ನು ಬುಡದಿಂದ ತುದಿಯತ್ತ ಸವರುತ್ತ ಹೋದಂತೆ ಎದುರಿನ ಪರದೆಯಲ್ಲಿ ಒಂದು ನೀಲಿ ಗೆರೆ, ಒಂದು ಕೆಂಪು ಗೆರೆ ಮೂಡಿದವು.

ಸಿಂಚನಾ ಕುರ್ಚಿಯ ಅಂಚಿನಲ್ಲಿ ಕುಳಿತು ನೋಡುತ್ತಿದ್ದಳು. ಬಾಗಲಕೋಟೆಯ ಹಿನ್ನೀರಿನಲ್ಲಿ ಓಡುವ ವಿದ್ಯುತ್ ದೋಣಿಗಳ ನಿಯಂತ್ರಣ ಕಚೇರಿಯಲ್ಲಿ ಅವಳ ಕೆಲಸ. ನಲವತ್ತು ದಾಟಿದ ಮೇಲೆ ಕಾರಣವಿಲ್ಲದೆ ಮೈ ತುಂಬಿಕೊಳ್ಳತೊಡಗಿತ್ತು, ಕುಳಿತಲ್ಲೇ ನಿದ್ದೆ ಹತ್ತುತ್ತಿತ್ತು. ಕೊರಳಿನಲ್ಲಿ ಚಿಟ್ಟೆಯಾಕಾರದಲ್ಲಿರುವ ಥೈರಾಯ್ಡ್ ಗ್ರಂಥಿ ಸೋಮಾರಿಯಾಗಿದೆ, ದೇಹದ ಒಲೆಯನ್ನು ಉರಿಸುವ ಹಾರ್ಮೋನು ಸಾಲುತ್ತಿಲ್ಲ ಎಂದು ಗೊತ್ತಾಗಿ, ಎರಡು ತಿಂಗಳ ಹಿಂದೆ ಮಾತ್ರೆ ಶುರುವಾಗಿತ್ತು.

"ಗುಳಿಗಿ ತಪ್ಪದ ತಗೊಂಡೀರಿ," ಎಂದರು ಡಾಕ್ಟರು ನೀಲಿ ಗೆರೆಯನ್ನು ತೋರಿಸಿ. "ಖಾಲಿ ಹೊಟ್ಟಿಲೇ, ಬರೇ ನೀರಿನ ಜೋಡಿ. ಚಹಾ ಆಮ್ಯಾಲ. ಹಾರ್ಮೋನು ಮೆಲ್ಲಕ ಏರಾಕತ್ತೇತಿ." ಆಮೇಲೆ ಅವರ ಬೆರಳು ಕೆಂಪು ಗೆರೆಯ ಮೇಲೆ ನಿಂತಿತು. "ಆದ್ರ ಊಟ ಯಾಕ ಬಿಟ್ಟೀರಿ?"

ದಿನಕ್ಕೊಂದು ರೊಟ್ಟಿ ತಿಂದು, ಬೆಳಿಗ್ಗೆ ಎದ್ದು ಕ್ರೀಡಾಂಗಣ ಸುತ್ತುತ್ತಿದ್ದ ಸಂಗತಿಯನ್ನು ಅವಳು ಯಾರಿಗೂ ಹೇಳಿರಲಿಲ್ಲ.

"ಯಾರು ಹೇಳಿದ್ರಿ ನಿಮಗ?"

"ನಿಮ್ಮ ಕೂದಲ."

ಕೇಶವಾಚಕವೆಂದು ಹೆಸರಿಟ್ಟಿದ್ದರೂ ಊರವರ ಬಾಯಲ್ಲಿ ಅದು ಕೂದಲೋದೋ ಮಿಶನ್ನು. ಪದೇ ಪದೇ ಸೂಜಿ ಚುಚ್ಚದೆ ಥೈರಾಯ್ಡ್ ರೋಗಿಗಳ ಮೇಲೆ ಕಣ್ಣಿಡಲೆಂದು ನಿಖತ್ ಅವರೇ ಕಂಡುಹಿಡಿದದ್ದು. ಕೂದಲು ಬೆಳೆಯುವಾಗ ಆ ಕಾಲದ ರಕ್ತದಲ್ಲಿ ಏನಿತ್ತೋ ಅದನ್ನು ತನ್ನೊಳಗೆ ಕಟ್ಟಿಕೊಂಡೇ ಬೆಳೆಯುತ್ತದೆ. ನೀಲಿ ಗೆರೆ ಹಾರ್ಮೋನಿನದು. ಕೆಂಪು ಗೆರೆ ಸಾರಜನಕದ್ದು. ಮನುಷ್ಯ ಸಾಕಷ್ಟು ತಿನ್ನದಿದ್ದರೆ ದೇಹ ತನ್ನ ಸ್ನಾಯುಗಳನ್ನೇ ಕರಗಿಸಿ ಉರಿಸುತ್ತದೆ, ಆಗ ಕೂದಲಿನ ಸಾರಜನಕದ ಗುಣ ಬದಲಾಗಿ ಕೆಂಪು ಗೆರೆ ಮೇಲೇರುತ್ತದೆ.

"ತೂಕ ಇಳೀವಲ್ದು ನೋಡ್ರಿ," ಸಿಂಚನಾ ಗೊಣಗಿದಳು. "ಗುಳಿಗಿ ಜಾಸ್ತಿ ಮಾಡಿ ಕೊಡ್ರಲ್ಲ."

"ತೂಕ ಇಳಸಾಕ ಗುಳಿಗಿ ಜಾಸ್ತಿ ಮಾಡಿದ್ರ ಎದಿ ಬಡಕೊಳ್ಳಾಕ ಹತ್ತತೈತಿ, ಎಲುಬು ಸವೀತಾವು. ಥೈರಾಯ್ಡ್‌ನಿಂದ ಏರಿದ್ದು ಸ್ವಲ್ಪ, ಅದೂ ಬಾಳಷ್ಟು ನೀರು, ಉಪ್ಪು. ಅದು ತಾನ ಇಳೀತೈತಿ. ಉಳಿದದ್ದಕ್ಕ ಹೊಟ್ಟಿತುಂಬ ಹದವಾಗಿ ಉಣ್ರಿ, ಕಾಳು ಪಲ್ಯ ಇರಲಿ, ನಡೀರಿ. ಮೈಯಾಗ ಕಸುವು ಬಂದಮ್ಯಾಲ ಬೇಕಾದ್ರ ಓಡ್ರಿ. ಉಪಾಸ ಬಿದ್ದು ಓಡೋದು ಯಾರು ಕಲಿಸಿದ್ರು ನಿಮಗ?"

ಕಲಿಸಿದವರು ಮನೆಯಲ್ಲೇ ಇದ್ದರು.

ಅವಳ ತಂದೆ ಗುರುಪಾದ ಮಾಸ್ತರರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣ ಕಲಿಸಿದವರು. ಎಂಬತ್ತರ ಈ ವಯಸ್ಸಿನಲ್ಲೂ ಬೆನ್ನು ಬಾಗಿರಲಿಲ್ಲ. ಮೈ ಬಂದವರನ್ನು ಕಂಡರೆ ಅವರು ಹೇಳುತ್ತಿದ್ದುದು ಒಂದೇ ಮಾತು: "ತಿನ್ನೋದು ಕಡಿಮಿ ಮಾಡು, ಓಡೋದು ಹೆಚ್ಚು ಮಾಡು." ಅದನ್ನೇ ಅವರು ಹಿರಿಯ ಮಗಳು ವಿದ್ಯಾಶ್ರೀಗೂ ಹೇಳಿದ್ದರು.

ವಿದ್ಯಾಶ್ರೀ ಜಿಲ್ಲಾ ಮಟ್ಟದ ಖೋ-ಖೋ ಆಟಗಾರ್ತಿ. ಪೊಲೀಸ್ ಸಬ್‌ಇನ್ಸ್‌ಪೆಕ್ಟರ್ ಆಗಬೇಕೆಂದು ಹೊರಟವಳು. ಇಪ್ಪತ್ತೊಂದರ ಆಸುಪಾಸಿನಲ್ಲಿ ಯಾಕೋ ಓಟ ನಿಧಾನವಾಯಿತು. ಮುಖ ಊದಿಕೊಂಡಿತು, ದನಿ ಗೊಗ್ಗರಾಯಿತು. ಬೇಸಿಗೆಯಲ್ಲೂ ದುಪ್ಪಟಿ ಹೊದ್ದು ಮಲಗುತ್ತಿದ್ದಳು. ಮಾಸ್ತರರು ಅವಳ ತಟ್ಟೆಯಿಂದ ರೊಟ್ಟಿ ತೆಗೆದಿಟ್ಟರು. ಆದರೂ ತೂಕ ಏರಿದಾಗ ಮಗಳು ಕದ್ದು ತಿನ್ನುತ್ತಾಳೆಂದು ಅಡುಗೆಮನೆಯ ಕಪಾಟಿಗೆ ಬೀಗ ಹಾಕಿದರು. "ಅಪ್ಪಾ, ನಾ ಏನೂ ತಿಂದಿಲ್ಲ," ಎಂದು ಅವಳು ಒಮ್ಮೆ ಅಂದಾಗ, "ಹಂಗಾದ್ರ ಗಾಳಿ ಕುಡದು ಉಬ್ಬೀದೇನು?" ಎಂದರು. ಮನೆಯವರೆಲ್ಲ ನಕ್ಕರು. ಆಗ ಹತ್ತು ವರ್ಷದವಳಾಗಿದ್ದ ಸಿಂಚನಾ ಎಲ್ಲರಿಗಿಂತ ಜೋರಾಗಿ ನಕ್ಕಿದ್ದಳು.

ಆ ಚಳಿಗಾಲದಲ್ಲಿ ವಿದ್ಯಾಶ್ರೀಗೆ ಜ್ವರ ಬಂತು. ಎಚ್ಚರ ತಪ್ಪಿದವಳು ಮತ್ತೆ ಕಣ್ಣು ಬಿಡಲಿಲ್ಲ. ಜ್ವರ ಮಿದುಳಿಗೇರಿತು ಎಂದರು ಜನ. ಮಾಸ್ತರರು ಮಾತ್ರ ಇಂದಿಗೂ, "ಆಕಿ ಮನಸ್ಸು ಮಾಡಿದ್ರ ಪೊಲೀಸ್ ಓಟದಾಗ ಪಾಸಾಗತಿದ್ಲು. ಮೈಗಳ್ಳತನ ಮಾಡಿದ್ಲು," ಎನ್ನುತ್ತಿದ್ದರು.

ಮಾತ್ರೆ ಶುರುವಾದಾಗಿನಿಂದ ಸಿಂಚನಾಳಿಗೆ ಅಕ್ಕ ಪದೇ ಪದೇ ಕಾಣತೊಡಗಿದ್ದಳು. ಕನ್ನಡಿಯಲ್ಲಿ ತನ್ನದೇ ಊದಿದ ರೆಪ್ಪೆಗಳ ಹಿಂದೆ ಅವಳ ಮುಖ. ಕ್ರೀಡಾಂಗಣದಲ್ಲಿ ಓಡುವಾಗ ಬೆನ್ನ ಹಿಂದೆ ಯಾರೋ ಏದುಸಿರು ಬಿಡುತ್ತ ಬಂದಂತೆ. ತಿರುಗಿ ನೋಡಿದರೆ ಖಾಲಿ ಮಣ್ಣು. ತಾನು ನಿಂತ ಮೇಲೂ ಆ ಉಸಿರು ಒಂದು ಗಳಿಗೆ ಕೇಳುತ್ತಲೇ ಇರುತ್ತಿತ್ತು.

ಹಾಗಾಗಿ ಅಂದು ಏಳುವ ಮೊದಲು ಅವಳು ಕೇಳಿದಳು: "ಡಾಕ್ಟರ್, ಹಳೇ ಕೂದಲಾನೂ ಓದತೈತೇನ್ರಿ ಇದು? ಸತ್ತವರದ್ದು?"

ನಿಖತ್ ತಟ್ಟೆ ಒರೆಸುತ್ತಿದ್ದವರು ಕೈ ನಿಲ್ಲಿಸಿದರು. "ಓದತೈತಿ. ಆದ್ರ ಬ್ಯಾಡ ಅಂತೀನಿ. ಈ ಮಿಶನ್ ಬಂದಮ್ಯಾಲ ಜನ ಅವ್ವನ ಚೌರಿ, ಮಗನ ಜಾವಳ ಎಲ್ಲಾ ಹಿಡಕೊಂಡು ಬರ್ತಾರ. ಗೊತ್ತಾದಮ್ಯಾಲ ಅದನ್ನ ಮರಿಯಾಕ ನನ್ನ ಹತ್ರ ಔಷಧ ಇಲ್ಲ."

"ಗೊತ್ತಿಲ್ಲದ್ದನ್ನೂ ಮರಿಯಾಕ ಆಗವಲ್ದು ನೋಡ್ರಿ," ಎಂದಳು ಸಿಂಚನಾ.

ಸಾಯುವ ಕೆಲವು ವಾರಗಳ ಮುಂಚೆ, ಕೂದಲು ಮುಷ್ಟಿಗಟ್ಟಲೆ ಉದುರುತ್ತಿದೆಯೆಂದು ವಿದ್ಯಾಶ್ರೀ ತನ್ನ ಜಡೆಯನ್ನು ಕತ್ತರಿಸಿಕೊಂಡಿದ್ದಳು. ಈಗ ತೀರಿಹೋಗಿರುವ ಅವ್ವ ಆಗ ಅದನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟಿದ್ದಳು. ತಂದೆ ವಾಯುವಿಹಾರಕ್ಕೆ ಹೋದಾಗ ಸಿಂಚನಾ ಅದನ್ನು ತೆಗೆದುಕೊಂಡು ಬಂದು ಡಾಕ್ಟರ ಕೈಗೆ ಕೊಟ್ಟಳು.

ಸಂಜೆ ಮನೆಗೆ ಬಂದಾಗ ಟ್ರಂಕು ಬಾಯಿ ತೆರೆದಿತ್ತು. ಮಾಸ್ತರರು ಅದರ ಮುಂದೆ ನೆಲದ ಮೇಲೆ ಕುಳಿತಿದ್ದರು, ಸುತ್ತ ಬಟ್ಟೆಗಳು ಹರಡಿದ್ದವು.

"ವಿದ್ಯಾನ ಜಡಿ ಎಲ್ಲಿ?" ಅವರು ತಲೆ ಎತ್ತದೆ ಕೇಳಿದರು.

ಅಪ್ಪನಿಗೆ ಅದು ಅಲ್ಲಿರುವುದೇ ಗೊತ್ತಿಲ್ಲವೆಂದು ಅವಳು ಇಷ್ಟು ವರ್ಷ ನಂಬಿದ್ದಳು. ಅದನ್ನು ಸುತ್ತಿದ ಸೀರೆಯ ತುಂಡು ಕೈ ಸವರಿ ಸವರಿ ನವೆದುಹೋಗಿದ್ದುದು ಯಾರ ಕೈಯಿಂದ ಎಂದು ಅವಳಿಗೆ ಈಗ ಹೊಳೆಯಿತು. ಸುಳ್ಳು ಹೇಳಲು ಆಗಲಿಲ್ಲ. ಎಲ್ಲಿದೆ, ಯಾಕೆ ಕೊಟ್ಟೆ ಎಂದು ಹೇಳಿದಳು. ಮಾಸ್ತರರು ಹರಡಿದ ಬಟ್ಟೆಗಳನ್ನು ಟ್ರಂಕಿಗೆ ತುಂಬಿ, "ನಾನೂ ಬರ್ತೀನಿ," ಎಂದರು.

ಮರುವಾರ ಇಬ್ಬರೂ ಪರದೆಯ ಮುಂದೆ ಕುಳಿತರು. ಜಡೆಯಿಂದ ಆರಿಸಿದ ಎಳೆಯನ್ನು ನಿಖತ್ ಈ ಸಲ ತುದಿಯಿಂದ ಬುಡದತ್ತ ಓದಿಸಿದರು. ತುದಿಯೆಂದರೆ ಹಳೆಯ ಕಾಲ, ಬುಡವೆಂದರೆ ಕೊನೆಯ ಕಾಲ. ಮೊದಮೊದಲು ಎರಡೂ ಗೆರೆಗಳು ನೆಟ್ಟಗಿದ್ದವು.

"ಇಲ್ಲಿ ಗಟ್ಟಿಮುಟ್ಟಾಗಿ ಅದಾರ," ಎಂದರು ಡಾಕ್ಟರು. "ಚೆಂದ ಉಂಡಾರ, ಹಾಲು ಕುಡದಾರ."

"ಆ ವರ್ಷ ಜಿಲ್ಲಾಕ್ಕ ಫಸ್ಟ್ ಬಂದಿದ್ಲು," ಎಂದರು ಮಾಸ್ತರರು, ಮುಖವರಳಿಸಿ.

ಸ್ವಲ್ಪ ಹೊತ್ತಿನಲ್ಲಿ ನೀಲಿ ಗೆರೆ ಇಳಿಯತೊಡಗಿತು. ಎಲ್ಲೂ ತಡವರಿಸದೆ ಇಳಿಯಿತು. ಅದು ನೆಲಕಚ್ಚುವ ಹೊತ್ತಿಗೆ ಕೆಂಪು ಗೆರೆ ಏರಿತು. ಏರುತ್ತಲೇ ಹೋಗಿ ಪರದೆಯ ಮೇಲಂಚಿಗೆ ತಾಗಿತು.

"ಇದೇನು?" ಮಾಸ್ತರರು ಬೆರಳು ಮಾಡಿದರು.

"ಹಸಿವು, ಮಾಸ್ತರ." ನಿಖತ್ ಅವರ ದನಿ ಮೆತ್ತಗಾಯಿತು. "ಅವರು ಉಂಡೇ ಇಲ್ಲ. ತಿಂಗಳಾನುಗಟ್ಟಲೆ. ಮೈ ತನ್ನ ಮಾಂಸಾನ ತಾನ ತಿಂದೈತಿ. ಮ್ಯಾಲ ಕಂಡ ದಪ್ಪೆಲ್ಲಾ ಬಾಳಷ್ಟು ಬಾವು. ಥೈರಾಯ್ಡ್ ಪೂರಾ ಸೋತು ಹೋದ್ರ ಚಳಿ, ಜ್ವರ ತಡಕೊಳ್ಳೂ ಶಕ್ತಿ ಇರಂಗಿಲ್ಲ."

ಮಾಸ್ತರರು ಪರದೆಯನ್ನೇ ನೋಡುತ್ತಿದ್ದರು. "ಏನೂ ತಿಂದಿಲ್ಲ ಅಂತ ಹೇಳಿದ್ಲು," ಎಂದರು, ಯಾರನ್ನೂ ಉದ್ದೇಶಿಸದೆ. "ಹೇಳಿದ್ಲು ಆಕಿ." ಸಿಂಚನಾಳ ಕಿವಿಯಲ್ಲಿ ತನ್ನದೇ ಹತ್ತು ವರ್ಷದ ನಗು ಮೊಳಗಿತು. ಅವಳು ತಂದೆಯ ಕೈ ಹಿಡಿದಳು, ಅದು ತಣ್ಣಗಿತ್ತು.

ಆಮೇಲೆ ಮಾಸ್ತರರು ಮೆಲ್ಲಗೆ ತಲೆ ಎತ್ತಿ, "ಆಗ ಈ ಮಿಶನ್ ಇರಲಿಲ್ಲಲ್ಲ?" ಎಂದು ಕೇಳಿದರು. ಇರಲಿಲ್ಲ ಎನ್ನಿ ಎಂದು ಆ ಕಣ್ಣುಗಳು ಬೇಡುತ್ತಿದ್ದವು. ನಿಖತ್ ಸಿಂಚನಾಳತ್ತ ನೋಡಿದರು.

"ಇರಲಿಲ್ಲಪ್ಪಾ," ಎಂದಳು ಸಿಂಚನಾ ಬೇಗನೆ. "ಈ ಮಿಶನ್ ಆಗೆಲ್ಲಿತ್ತು?"

ಅದೇನೂ ಸುಳ್ಳಾಗಿರಲಿಲ್ಲ. ಮಾಸ್ತರರು ತಲೆಯಾಡಿಸಿದರು. ಜಡೆಯನ್ನು ಎದೆಗವಚಿಕೊಂಡು ಹೊರಗೆ ಬಂದು ರಿಕ್ಷಾ ಹತ್ತಿದರು.

ಚಾಲಕನಿಲ್ಲದ ರಿಕ್ಷಾ ಸದ್ದಿಲ್ಲದೆ ನವನಗರದ ರಸ್ತೆಗಳನ್ನು ದಾಟುತ್ತಿತ್ತು. ಮಧ್ಯಾಹ್ನದ ಬಿಸಿಲು. ಸಿಂಚನಾ ಡಬ್ಬಿ ತೆರೆದು ತಂದೆಗೆ ಅರ್ಧ ರೊಟ್ಟಿ, ಹೆಸರುಕಾಳು ಪಲ್ಯ ಕೊಟ್ಟಳು. ಅವರು ಮುಟ್ಟಲಿಲ್ಲ. ಉಳಿದದ್ದನ್ನು ಅವಳೇ ತಿಂದಳು. ಹಟ ಹಿಡಿದು, ಎರಡು ಪಾಲು ಉಣ್ಣುವವಳಂತೆ ತಿಂದಳು.

ಕ್ರೀಡಾಂಗಣಕ್ಕೆ ಹೋಗುವ ತಿರುವಿನಲ್ಲಿ ಮಾಸ್ತರರು, "ನಿಲ್ಲಸು," ಎಂದರು. ರಿಕ್ಷಾ ನಿಂತಿತು. ಮೂಲೆಯಲ್ಲಿ ಈಗ ಸೌರಫಲಕಗಳ ಮಳಿಗೆಯಿದೆ. ಅದನ್ನೇ ನೋಡುತ್ತ ಅವರು ಹೇಳಿದರು:

"ಇಲ್ಲಿ ಒಂದು ರಕ್ತ ತಪಾಸಣಿ ಮಾಡೋ ಅಂಗಡಿ ಇತ್ತು. ದಿನಾ ಮುಂಜಾನೆ ಇದರ ಮುಂದಿಂದನ ಆಕಿನ್ನ ಓಡಸ್ಕೊಂಡು ಹೋಗತಿದ್ದೆ. ಬೋರ್ಡಿನ ಮ್ಯಾಲ ದೊಡ್ಡ ಅಕ್ಷರದಾಗ ಬರದಿತ್ತು, ಸಕ್ಕರಿ, ಥೈರಾಯ್ಡ್ ಅಂತ. ಓದಿನಿ ನಾನು. ದಿನಾ ಓದಿನಿ."

ಅವರು ಮಗಳತ್ತ ತಿರುಗಿದರು.

"ಒಳಗ ಕರಕೊಂಡು ಹೋಗಿದ್ರ ಹೇಳತಿದ್ರೇನು?"

ಎರಡನೆಯ ಸಲ ಅವಳಿಂದ ತಪ್ಪಿಸಿಕೊಳ್ಳಲಾಗಲಿಲ್ಲ.

"ಹೇಳತಿದ್ರಪ್ಪಾ," ಎಂದಳು. "ಮರುದಿನಾನ ಹೇಳತಿದ್ರು."