ಸವೆದ ಕೊಕ್ಕೆ

ಸೋಮವಾರ ಬೆಳಿಗ್ಗೆ ಠಾಣೆಗೆ ಬಂದ ದೂರು ಆಸ್ಪತ್ರೆಯ ಮಂಚದಿಂದ ಬಂದದ್ದು. ಮಾರ್ಕೆಟ್ಟಿನ ಗೋಪುರದ ಗಡಿಯಾರವನ್ನು ನೋಡಿಕೊಳ್ಳುವ ಗುತ್ತಿಗೆ ಗಡಿಯಾರದಂಗಡಿಯ ಯಜಮಾನರದು. ಹಿಂದಿನ ಸಂಜೆ ಅದಕ್ಕೆ ಕೀ ಕೊಡುತ್ತಿದ್ದಾಗ ಹ್ಯಾಂಡಲ್ ಹಿಂದಕ್ಕೆ ತಿರುಗಿ ಬಡಿದು ಅವರ ಬಲಗೈ ಎರಡು ಕಡೆ ಮುರಿದಿತ್ತು. ಡಾಕ್ಟರು ಅಪಘಾತ ಎಂದು ಬರೆದುಕೊಂಡರೆ ಯಜಮಾನರು ಒಪ್ಪಲಿಲ್ಲ. ಇದು ಕೊಲೆಯತ್ನ, ಪೊಲೀಸರನ್ನು ಕರೆಸಿ ಎಂದು ವಾರ್ಡಿನ ಸೂರು ಹಾರಿಹೋಗುವಂತೆ ಕೂಗಾಡಿದರು.

ಇನ್‌ಸ್ಪೆಕ್ಟರು ದಫೇದಾರನನ್ನು ಕರೆದುಕೊಂಡು ಹೋದರು. ಯಜಮಾನರ ಕೈಗೆ ಹೆಗಲಿನಿಂದ ಬೆರಳಿನವರೆಗೆ ಪ್ಲಾಸ್ಟರ್ ಹಾಕಿದ್ದರು. ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ.

"ಕೊಕ್ಕೆ ಜಾರಿತು ಸಾಹೇಬ್ರೇ. ನಾನು ಕೂರಿಸಿದ್ದು ಹೊಚ್ಚ ಹೊಸ ಕೊಕ್ಕೆ. ಅದು ಜಾರೋ ಮಾತೇ ಇಲ್ಲ. ಯಾರೋ ಬದಲಾಯಿಸಿದಾರೆ."

"ಯಾರ ಮೇಲೆ ಅನುಮಾನ?"

"ಇನ್ಯಾರು? ಎದುರು ಬೀದಿಯ ವಾಚಿನವನು. ಈ ಗುತ್ತಿಗೆ ಮೇಲೆ ಅವನಿಗೆ ಮೊದಲಿಂದಲೂ ಕಣ್ಣು."

ಹನ್ನೊಂದು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಪಂಚನಾಮೆಗೆ ಇಬ್ಬರು ಪಂಚರನ್ನು ಕರೆದುಕೊಂಡು ಗೋಪುರ ಹತ್ತಿದರು. ದಫೇದಾರನ ಹೊಟ್ಟೆ ಅವನಿಗಿಂತ ಒಂದು ಮೆಟ್ಟಿಲು ಮುಂದಿತ್ತು, ಉಸಿರು ಮೂರು ಮೆಟ್ಟಿಲು ಹಿಂದಿತ್ತು.

"ಈ ಕಳ್ಳ ಯಾರೇ ಆಗಲಿ ಸಾರ್, ಸಣ್ಣಗಿದಾನೆ" ಎಂದ, ಮೇಲೆ ಬಂದು ಗೋಡೆಗೆ ಒರಗಿ.

ಬಾಗಿಲಿನ ಬೀಗ ಒಡೆದಿರಲಿಲ್ಲ. ಒಳಗೆ ಗಡಿಯಾರ ನಿಂತಿತ್ತು. ಹಗ್ಗ ಪೂರ್ತಿ ಬಿಚ್ಚಿಕೊಂಡು, ಕಬ್ಬಿಣದ ಗುಂಡು ಕೆಳಗಿನ ಮರಳಿನ ಪೆಟ್ಟಿಗೆಯಲ್ಲಿ ಹೂತು ಕೂತಿತ್ತು. ಕೆಲಸ ಇಷ್ಟೇ: ಹ್ಯಾಂಡಲ್ ತಿರುಗಿಸಿದರೆ ಹಗ್ಗ ಸುತ್ತಿಕೊಂಡು ಗುಂಡು ಮೇಲೇರುತ್ತದೆ. ಪಕ್ಕದಲ್ಲಿ ಓರೆ ಹಲ್ಲುಗಳ ಒಂದು ಚಕ್ರ, ಅದರ ಮೇಲೆ ಬೆರಳುದ್ದದ ಉಕ್ಕಿನ ಕೊಕ್ಕೆ. ಮುಂದಕ್ಕೆ ತಿರುಗುವಾಗ ಕೊಕ್ಕೆ ಹಲ್ಲು ಹಲ್ಲು ದಾಟುತ್ತ ಬೀಳುತ್ತದೆ. ಹಿಂದಕ್ಕೆ ತಿರುಗಲು ಹೋದರೆ ಹಲ್ಲಿಗೆ ಕಚ್ಚಿ ನಿಲ್ಲುತ್ತದೆ. ಸೈಕಲ್ಲಿನ ಹಿಂದಿನ ಚಕ್ರದಲ್ಲಿ, ಲಾರಿ ಎತ್ತುವ ಜಾಕಿನಲ್ಲಿ ಇರುವುದೂ ಇದರ ಅಣ್ಣತಮ್ಮಂದಿರೇ. ಅದು ಕಚ್ಚದಿದ್ದರೆ ಗುಂಡಿನ ಭಾರವೆಲ್ಲ ಹ್ಯಾಂಡಲ್ಲಿಗೆ ಬಂದು, ಎದುರಿಗಿರುವವನ ಎಲುಬಿಗೆ ಬರುತ್ತದೆ.

ಇಲ್ಲಿದ್ದ ಕೊಕ್ಕೆಯ ತುದಿ ಹಳೇ ಚಪ್ಪಲಿಯ ಹಿಮ್ಮಡಿಯ ಹಾಗೆ ಸವೆದು ದುಂಡಗಾಗಿತ್ತು. ಇನ್‌ಸ್ಪೆಕ್ಟರು ಅದನ್ನು ಬಿಚ್ಚಿಸಿ ವಶಪಡಿಸಿಕೊಂಡರು. ಅದನ್ನು ಹಿಡಿದಿದ್ದ ಸ್ಕ್ರೂವಿನ ತಲೆಯ ಮೇಲೆ ಒಂದು ಗೀರೂ ಇರಲಿಲ್ಲ. ಕೈ ಪಳಗಿದವರ ಕೆಲಸ.

ಗೋಪುರದ ಬುಡದಲ್ಲಿ ಟೈಲರನ ಅಂಗಡಿ. ಶನಿವಾರ, ಭಾನುವಾರ ಮೇಲೆ ಯಾರಾದರೂ ಹೋದದ್ದು ನೋಡಿದೆಯಾ ಎಂದರೆ ಅವನು ಇಲ್ಲವೆಂದು ತಲೆಯಾಡಿಸಿ ತನ್ನದೇ ದೂರು ತೆಗೆದ.

"ಅದಿರ್ಲಿ ಸಾರ್, ನಿನ್ನೆ ನನಗಾದ ಮೋಸಕ್ಕೂ ಒಂದು ಕೇಸ್ ಹಾಕಿ. ಈ ಗಡಿಯಾರ ವರ್ಷದಿಂದ ಕಾಲು ಗಂಟೆ ಹಿಂದೆ. ಹೇಳಿ ಹೇಳಿ ಸಾಕಾಯ್ತು, ಯಜಮಾನ್ರು ಕಿವಿಗೇ ಹಾಕ್ಕೊಳ್ಳಲ್ಲ. ನಾವೆಲ್ಲ ಕಾಲು ಗಂಟೆ ಕೂಡಿಸ್ಕೊಂಡೇ ಬದುಕ್ತಿದೀವಿ. ನಿನ್ನೆ ಬೆಳಿಗ್ಗೆ ನೋಡಿದೆ, ಕೂಡಿಸಿದೆ, ಬಸ್ಸು ಹೋಗ್ಬಿಡುತ್ತೆ ಅಂತ ಎದ್ದು ಬಿದ್ದು ಓಡಿದೆ. ಸ್ಟ್ಯಾಂಡಲ್ಲಿ ಒಂದು ನರಪಿಳ್ಳೆ ಇಲ್ಲ! ಗಡಿಯಾರ ಸರಿಯಾಗಿತ್ತು ಸಾರ್!"

ದಫೇದಾರ ಬಿದ್ದು ಬಿದ್ದು ನಕ್ಕ. ಇನ್‌ಸ್ಪೆಕ್ಟರು ಮಾತ್ರ ನಗಲಿಲ್ಲ. "ಶನಿವಾರ?" ಎಂದು ಕೇಳಿದರು.

"ಶನಿವಾರ ಅಂಗಡಿ ಮುಚ್ಚೋವರೆಗೂ ಹಿಂದೇನೇ ಇತ್ತು."

ಅಷ್ಟರಲ್ಲಿ ಎದುರು ಬೀದಿಯ ವಾಚಿನವನನ್ನು ಠಾಣೆಗೆ ಕರೆತಂದು ಕೂರಿಸಿದ್ದರು. ಅವನು ಬೆವರುತ್ತಿದ್ದ, ಆದರೆ ಉತ್ತರ ಸರಿಯಾಗಿ ಕೊಟ್ಟ. "ಅದು ತಪ್ಪು ತೋರಿಸ್ತಿದ್ರೆ ತಾನೇ ಸಾರ್ ಗುತ್ತಿಗೆ ನನಗೆ ಬರೋದು? ನಾನು ಹೋಗಿ ಸರಿ ಮಾಡ್ತೀನಾ?"

ಇನ್‌ಸ್ಪೆಕ್ಟರು ಅವನನ್ನು ಮನೆಗೆ ಕಳಿಸಿದರು. ಕೊಕ್ಕೆ ಬದಲಿಸಬೇಕಾದರೆ ಗಡಿಯಾರ ನಿಲ್ಲಿಸಬೇಕು. ನಿಲ್ಲಿಸಿದವರು ಮತ್ತೆ ನಡೆಸುವಾಗ ಮುಳ್ಳನ್ನು ಮೊದಲಿನ ಹಾಗೆ ಕಾಲು ಗಂಟೆ ಹಿಂದೆ ಇಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗಿಡಲು ಅವರಿಗೆ ಕೈ ಬಂದಿಲ್ಲ. ಅಂಥ ಕೈ ಯಾರದು?

ಮಧ್ಯಾಹ್ನ ಗಡಿಯಾರದಂಗಡಿಗೆ ಹೋದರು. ಬಾಗಿಲ ಹೊರಗೆ ನಿಂತು, ತಮ್ಮ ಕೈಗಡಿಯಾರವನ್ನು ಹತ್ತು ನಿಮಿಷ ಹಿಂದಕ್ಕೆ ತಿರುಗಿಸಿದರು. ದಫೇದಾರ ಮಿಕಿಮಿಕಿ ನೋಡಿದ.

ಒಳಗೆ ಯಜಮಾನರ ಮಗಳು ಒಬ್ಬಳೇ ಮೇಜಿನ ಮುಂದೆ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದಳು. ಮೂವತ್ತರ ಆಸುಪಾಸು. ಗೋಡೆಯ ಮೇಲಿನ ಗಡಿಯಾರಗಳೆಲ್ಲ ಒಂದೇ ಗಂಟೆ ತೋರಿಸುತ್ತಿದ್ದವು. ಗೋಪುರದ ಬೀಗದ ಕೈ ಅವಳ ಬೆನ್ನ ಹಿಂದೆ ಮೊಳೆಯಲ್ಲಿ ತೂಗುತ್ತಿತ್ತು.

"ಈ ಕೊಕ್ಕೆ ಅಂದ್ರೆ ಏನಮ್ಮ, ನನಗೆ ಸ್ವಲ್ಪ ಬಿಡಿಸಿ ಹೇಳಿ" ಎಂದು ಇನ್‌ಸ್ಪೆಕ್ಟರು ತಮ್ಮ ವಾಚು ಬಿಚ್ಚಿ ಕೊಟ್ಟರು.

ಅವಳು ವಾಚಿನ ಬೆನ್ನು ತೆಗೆದು ತೋರಿಸಿ, ಕೀ ತಿರುಗಿಸಿದಳು. "ಟಿಕ್ ಟಿಕ್ ಅಂತ ಕೇಳಿಸ್ತಾ ಸಾರ್? ಗೋಪುರದಲ್ಲಿರೋದೇ ಇಲ್ಲೂ ಇರೋದು, ಎಳ್ಳು ಕಾಳಿನಷ್ಟು. ಸ್ಪ್ರಿಂಗು ವಾಪಸ್ ಬಿಚ್ಚಿಕೊಳ್ಳದ ಹಾಗೆ ಹಿಡಿಯುತ್ತೆ. ಇದು ಸವೆದ್ರೆ ವಾಚು ನಿಲ್ಲುತ್ತೆ, ಅಷ್ಟೇ. ಅಲ್ಲಿ ಸವೆದ್ರೆ ಮನುಷ್ಯರು ನಿಂತುಹೋಗ್ತಾರೆ."

"ಗೋಪುರಕ್ಕೆ ಯಾರು ಹತ್ತುತ್ತಾರೆ?"

"ಈಗ ಅಪ್ಪ ಒಬ್ಬರೇ. ಮುಂಚೆ ನನ್ನ ಗಂಡ ಹತ್ತುತ್ತಿದ್ರು."

"ಅವರು?"

"ಹೋದ ವರ್ಷ ಇದೇ ಹ್ಯಾಂಡಲ್ಲು ಎದೆಗೆ ಬಡಿದು ಅಲ್ಲೇ ಹೋಗ್ಬಿಟ್ರು. ನಿಮ್ಮ ಠಾಣೆಯವರೇ ಬಂದಿದ್ರಲ್ಲ. ಕೊಕ್ಕೆ ಗಟ್ಟಿಯಾಗಿದೆ, ಅಳಿಯನೇ ಮೈಮರೆತು ಕೈ ಬಿಟ್ಟ ಅಂತ ಅಪ್ಪ ಹೇಳಿದ್ರು. ನೀವೂ ಬರ್ಕೊಂಡ್ರಿ."

ದನಿಯಲ್ಲಿ ಏರಿಳಿತವೇ ಇರಲಿಲ್ಲ. ವಾಚಿನ ಬೆನ್ನು ಮುಚ್ಚಿ, ಬಟ್ಟೆಯಿಂದ ಒರೆಸಿ, ಅವರ ಕೈಗಿಟ್ಟಳು. ಬೀದಿಗೆ ಬಂದ ಮೇಲೆ ಇನ್‌ಸ್ಪೆಕ್ಟರು ವಾಚನ್ನು ದಫೇದಾರನ ಮೂಗಿನ ಕೆಳಗೆ ಹಿಡಿದರು. ಗಂಟೆ ಸರಿಯಾಗಿತ್ತು. ಮಾತಾಡುತ್ತಲೇ, ತಾನೇನು ಮಾಡುತ್ತಿದ್ದೇನೆ ಎಂಬ ಪರಿವೆಯೇ ಇಲ್ಲದೆ, ಸರಿಮಾಡಿಬಿಟ್ಟಿದ್ದಳು.

"ಹಿಡಿಯೋಣ್ವಾ ಸಾರ್?"

"ತಡಿಯಯ್ಯಾ. ಮೊದಲು ಅಪ್ಪನ ಮುಖ ನೋಡ್ಕೊಂಡು ಬರೋಣ. ಹಳೇ ಫೈಲೂ ತಗೋ."

ಆಸ್ಪತ್ರೆಯಲ್ಲಿ ಯಜಮಾನರ ಮುಂದೆ ಕೊಕ್ಕೆ ಹಿಡಿದಾಗ ಅವರು ಮಂಚದಿಂದ ಅರ್ಧ ಎದ್ದರು.

"ನೋಡಿ ಸಾಹೇಬ್ರೇ! ಮೂತಿನೇ ಇಲ್ಲ ಇದಕ್ಕೆ. ಇಂಥ ಕೊಕ್ಕೆ ಹಾಕಿದ್ರೆ ಯಾರಿಗಾದ್ರೂ ಸಾವೇ! ಬರ್ಕೊಳ್ಳಿ, ಬರ್ಕೊಳ್ಳಿ."

ದಫೇದಾರ ಬರೆದುಕೊಂಡ. ಬಲಗೈ ಪ್ಲಾಸ್ಟರಿನೊಳಗಿದ್ದುದರಿಂದ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು. ಶಾಯಿ ಒಣಗುವವರೆಗೂ ಇನ್‌ಸ್ಪೆಕ್ಟರು ಕಾದರು.

"ನಿಮ್ಮ ಹೊಸ ಕೊಕ್ಕೆ ಯಾವಾಗ ಕೂರಿಸಿದ್ದು?"

"ಹೋದ ವರ್ಷ."

"ಅಳಿಯ ಸಾಯೋಕೆ ಮುಂಚೆನಾ, ಆಮೇಲಾ?"

ಯಜಮಾನರು ನೀರು ಕೇಳಿದರು. ಕುಡಿದರು. "ಮುಂಚೆ. ಮುಂಚೇನೇ."

"ಅವತ್ತು ನೀವು ಕೊಟ್ಟ ಹೇಳಿಕೆಯಲ್ಲಿ, ಗೋಪುರ ಕಟ್ಟಿದಾಗಿನ ಕೊಕ್ಕೆ, ಒಮ್ಮೆಯೂ ಬದಲಿಸಿಲ್ಲ, ಈಗಲೂ ಕಲ್ಲಿನ ಹಾಗಿದೆ ಅಂತ ಇದೆಯಲ್ಲ?"

ಇನ್‌ಸ್ಪೆಕ್ಟರಿಗೆ ಎಲ್ಲ ಗೊತ್ತಾಗಿಹೋಯಿತು. ಅಳಿಯನ ಮೈ ಇನ್ನೂ ಬಿಸಿಯಿದ್ದಾಗಲೇ ಈತ ಮೇಲೆ ಹೋಗಿ, ಸವೆದದ್ದನ್ನು ಬಿಚ್ಚಿ, ಹೊಸದನ್ನು ಕೂರಿಸಿ, ಆಮೇಲೆ ಪೊಲೀಸರಿಗೆ ಹೇಳಿಕಳಿಸಿದ್ದ. ಪೊಲೀಸರು ಹೊಸ ಕೊಕ್ಕೆ ನೋಡಿ ಹಳೇ ಕೊಕ್ಕೆಗೆ ಸರ್ಟಿಫಿಕೇಟು ಕೊಟ್ಟಿದ್ದರು. ಸತ್ತವನ ತಲೆಯ ಮೇಲೆ ಗೂಬೆ ಕೂರಿಸಲು ಠಾಣೆಯೂ ಕೈಜೋಡಿಸಿದಂತಾಗಿತ್ತು. ಅವರಿಗೆ ಮೈ ಉರಿದುಹೋಯಿತು.

"ಗುತ್ತಿಗೆ ಹೋಗ್ತಿತ್ತು ಸಾಹೇಬ್ರೇ" ಎಂದರು ಯಜಮಾನರು, ಗೋಡೆಯ ಕಡೆ ಮುಖ ಮಾಡಿ. "ಹೋದವನು ಹೋದ. ಅಂಗಡಿನಾದ್ರೂ ಉಳೀಲಿ ಅಂತ... ಮಗಳಿಗೋಸ್ಕರಾನೇ."

"ಅದನ್ನೂ ಬರ್ಕೊಳ್ಳಯ್ಯಾ" ಎಂದರು ಇನ್‌ಸ್ಪೆಕ್ಟರು. ಅದಕ್ಕೂ ಎಡಗೈ ಹೆಬ್ಬೆಟ್ಟು ಬಿತ್ತು. ಸಾಕ್ಷ್ಯ ನಾಶದ ಇನ್ನೊಂದು ಕೇಸು ಯಜಮಾನರ ಹೆಸರಿಗೇ ದಾಖಲಾಯಿತು.

ಸಂಜೆ ಐದೂವರೆಗೆ ಮಹಿಳಾ ಕಾನ್‌ಸ್ಟೇಬಲ್ ಜೊತೆ ಅಂಗಡಿಗೆ ಹೋದಾಗ ಯಜಮಾನರ ಮಗಳು ಮೇಜು ಒರೆಸುತ್ತಿದ್ದಳು. ಪೊಲೀಸರನ್ನು ನೋಡಿ ಡ್ರಾಯರ್ ಎಳೆದು, ಬಟ್ಟೆಯಲ್ಲಿ ಸುತ್ತಿದ ಹೊಸ ಕೊಕ್ಕೆಯನ್ನು ತಾನೇ ಮುಂದಿಟ್ಟಳು.

"ಹಳೇದು ಎಲ್ಲಿ ಸಿಕ್ತು?"

"ಇಲ್ಲೇ, ತಗಡಿನ ಡಬ್ಬೀಲಿ. ಹೋದ ತಿಂಗಳು ಸ್ಕ್ರೂ ಹುಡುಕ್ತಾ ಇದ್ದೆ. ಕೈಗೆ ಬಂದ ತಕ್ಷಣ ಗೊತ್ತಾಯ್ತು. ಮಾವಾ, ಇದು ಜಾರ್ತಿದೆ, ಬದಲಿಸೋಣ ಅಂತ ಅವರು ಎಷ್ಟು ಸಲ ಹೇಳಿದ್ರು. ನಿಧಾನಕ್ಕೆ ಸುತ್ತೋ, ಏನೂ ಆಗಲ್ಲ ಅಂತಿದ್ರು ಅಪ್ಪ."

"ಯಾವಾಗ ಹಾಕಿದ್ರಿ?"

"ಭಾನುವಾರ ಬೆಳಕು ಹರಿಯುವಾಗ. ಗುಂಡು ತಳಕ್ಕೆ ಬಂದಿತ್ತು. ಹಾಕಿ, ಸಂಜೆವರೆಗೆ ಓಡೋವಷ್ಟು ನಾನೇ ಕೀ ಕೊಟ್ಟೆ. ನಿಧಾನಕ್ಕೆ ಸುತ್ತಿದ್ರೆ ಕಚ್ಚುತ್ತೆ ಸಾರ್. ಅಪ್ಪನಿಗೆ ಯಾವಾಗ್ಲೂ ಅವಸರ."

"ಸತ್ತೇಹೋಗ್ತಿದ್ರಲ್ಲಮ್ಮ?"

"ಸಾಯಲಿ ಅಂತಲೇ ಹಾಕಿದ್ದು." ಅವಳು ಕಣ್ಣು ತಗ್ಗಿಸಲಿಲ್ಲ. "ಕೈ ಮುರೀತು ಅಂತ ಊರೆಲ್ಲ ಕೇಳೋ ಹಾಗೆ ಅಳ್ತಿದಾರಂತೆ. ನನ್ನ ಗಂಡನಿಗೆ ಅಳೋಕೂ ಪುರಸೊತ್ತು ಸಿಗಲಿಲ್ಲ."

ದಫೇದಾರ ಕೆಮ್ಮಿದ. ಹೊಸ ಕೊಕ್ಕೆಯನ್ನು ವಶಪಡಿಸಿಕೊಂಡದ್ದಾಯಿತು, ಬಂಧನದ ಪತ್ರಕ್ಕೆ ಅವಳ ಸಹಿಯೂ ಆಯಿತು. ಅಂಗಡಿಯ ಬಾಗಿಲೆಳೆದು ಬೀಗ ಹಾಕಿದ ಮೇಲೆ ಜೀಪಿನ ಹತ್ತಿರ ನಿಂತು ಅವಳು ಮೊದಲ ಸಲ ತಾನಾಗಿ ಕೇಳಿದಳು.

"ಅಪ್ಪನಿಗೆ ಕೊಕ್ಕೆ ತೋರಿಸಿದ್ರಾ ಸಾರ್? ಏನಂದ್ರು?"

ಆರೋಪಿಗೆ ಹೇಳಿಕೆ ಓದಿ ಹೇಳುವ ಹೊತ್ತು ಇದಾಗಿರಲಿಲ್ಲ. ಆದರೂ ಇನ್‌ಸ್ಪೆಕ್ಟರು ಫೈಲು ಬಿಚ್ಚಿದರು. "'ಇಂಥ ಕೊಕ್ಕೆ ಹಾಕಿದರೆ ಯಾರಿಗಾದರೂ ಸಾವೇ.' ಹೆಬ್ಬೆಟ್ಟು ಒತ್ತಿದಾರೆ."

ಒಂದು ವರ್ಷದಿಂದ ತಡೆಹಿಡಿದಿದ್ದ ಕಣ್ಣೀರು ಆಗ ಬಂತು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಇನ್ನೊಂದು ಸಲ ಓದಿ ಸಾರ್."

ಇನ್‌ಸ್ಪೆಕ್ಟರು ಇನ್ನೊಂದು ಸಲ, ನಿಧಾನಕ್ಕೆ, ಓದಿದರು.